ಮೂಗೇಟಿಗೊಂದು, ಮಾಂಸಖಂಡದ ನೋವಿಗೊಂದು: ಮನೆಯಲ್ಲಿ ಮಾಡುವ ಮುಲಾಮು, ಎಣ್ಣೆ, ಲಿನಿಮೆಂಟ್‌ಗಳಲ್ಲಿ ಯಾವುದನ್ನು ಆರಿಸಬೇಕು?

ನೋವಿನ ಮುಲಾಮನ್ನು ಮನೆಯಲ್ಲೇ ಮಾಡೋಣ ಅಂದುಕೊಂಡವರು ಮೊದಲು ಕೇಳುವುದು, ಯಾವ ಗಿಡಮೂಲಿಕೆ ಹಾಕಬೇಕು ಎಂದು. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ನೋವು ಯಾವ ಬಗೆಯದು, ಶುರುವಾಗಿ ಎಷ್ಟು ಹೊತ್ತಾಯಿತು ಎಂಬುದು ಮೊದಲನೆಯದು. ಆ ಜಾಗವನ್ನು ಹಗುರವಾಗಿ ಸವರಬೇಕೋ, ಒತ್ತಿ ತಿಕ್ಕಬೇಕೋ ಎಂಬುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕರೆ ಗಿಡಮೂಲಿಕೆಯ ಆಯ್ಕೆ ಅರ್ಧ ಮುಗಿದಂತೆಯೇ. ಒಂದೇ ಡಬ್ಬಿ ಮಾಡಿಟ್ಟುಕೊಂಡು ಎಲ್ಲ ನೋವಿಗೂ ಅದನ್ನೇ ಹಚ್ಚುವವರು ತುಂಬ ಜನ. ಅದರಿಂದ ಕೆಲವೊಮ್ಮೆ ನೋವು ಜಾಸ್ತಿಯಾಗುವುದೂ ಉಂಟು.

ಮೊದಲು ನೋವನ್ನು ಗುರುತಿಸಿ

ಮೂಗೇಟಿನಲ್ಲಿ ಚರ್ಮ ಹರಿದಿರುವುದಿಲ್ಲ. ಒಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಸುತ್ತಮುತ್ತ ಸೋರಿರುತ್ತದೆ. ಮೊದಲು ಕೆಂಪಗೆ, ಆಮೇಲೆ ನೀಲಿ ಅಥವಾ ನೇರಳೆ, ಕೆಲವು ದಿನ ಕಳೆದರೆ ಹಸಿರು, ಕೊನೆಗೆ ಹಳದಿ. ಸೋರಿದ ರಕ್ತದ ಹಿಮೋಗ್ಲೋಬಿನ್ನನ್ನು ದೇಹ ಹಂತಹಂತವಾಗಿ ಒಡೆಯುವಾಗ ಈ ಬಣ್ಣಗಳು ಬರುತ್ತವೆ. ಹಸಿರು ಬಿಲಿವರ್ಡಿನ್‌ನದು, ಹಳದಿ ಬಿಲಿರುಬಿನ್‌ನದು. ಮೈಬಣ್ಣ ಗಾಢವಾಗಿದ್ದರೆ ಇವು ಅಷ್ಟು ಎದ್ದು ಕಾಣುವುದಿಲ್ಲ. ಅಂಥವರು ಊತ ಮತ್ತು ಮುಟ್ಟಿದರೆ ಆಗುವ ನೋವನ್ನು ನೋಡಿಕೊಳ್ಳಬೇಕು. ಸಾಮಾನ್ಯ ಮೂಗೇಟು ಸುಮಾರು 2 ವಾರಕ್ಕೆ ತಾನಾಗಿಯೇ ಮಾಯುತ್ತದೆ.

ಪೆಟ್ಟು ಬಿದ್ದ ಮೊದಲ 48 ಗಂಟೆ ಮುಖ್ಯ. ಆಗ ಶಾಖ ಕೊಟ್ಟರೆ ರಕ್ತನಾಳಗಳು ಹಿಗ್ಗಿ ಇನ್ನಷ್ಟು ರಕ್ತ ಸೋರಬಹುದು. ತಿಕ್ಕಿದರೂ ಅಷ್ಟೇ. ಆ ಹೊತ್ತಿನಲ್ಲಿ ಬೇಕಾದದ್ದು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಒಂದು ಸಲಕ್ಕೆ 15 ನಿಮಿಷದಷ್ಟು, ಜೊತೆಗೆ ವಿಶ್ರಾಂತಿ. ಮುಲಾಮಿನ ಸರದಿ ಆಮೇಲೆ.

ಮಾಂಸಖಂಡದ ನೋವಿನ ಕಥೆಯೇ ಬೇರೆ. ಅಭ್ಯಾಸವಿಲ್ಲದ ಕೆಲಸ ಮಾಡಿದಾಗ, ಬೆಟ್ಟ ಇಳಿದಾಗ, ಬಹಳ ದಿನದ ಮೇಲೆ ವ್ಯಾಯಾಮ ಮಾಡಿದಾಗ ಮರುದಿನ ಮೈ ಹಿಡಿದುಕೊಳ್ಳುತ್ತದೆ. ನೋವು 1ರಿಂದ 3 ದಿನದೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಎಂದು ಈಗಲೂ ಹೇಳುವವರಿದ್ದಾರೆ. ಅದು ಸರಿಯಲ್ಲ, ಆ ಆಮ್ಲ ಕೆಲಸ ನಿಲ್ಲಿಸಿದ ಸ್ವಲ್ಪ ಹೊತ್ತಿನಲ್ಲೇ ಕರಗಿಹೋಗುತ್ತದೆ. ಮಾಂಸಖಂಡದ ಎಳೆಗಳಿಗೆ ಆದ ಸಣ್ಣ ಸಣ್ಣ ಹಾನಿ, ಅದನ್ನು ಸರಿಪಡಿಸಲು ದೇಹ ಎಬ್ಬಿಸುವ ಉರಿಯೂತ, ಇವೇ ನೋವಿನ ಮೂಲ. ಇಲ್ಲಿ ನೀವುವುದು, ಬೆಚ್ಚಗೆ ಇಡುವುದು ಎರಡೂ ಹಿತ ಕೊಡುತ್ತವೆ.

ಹಾಗಾಗಿ ಮೂಗೇಟಿಗೆ ಬೇಕಾದದ್ದು ಬೆರಳ ತುದಿಯಲ್ಲಿ ಒತ್ತದೆ ಸವರಬಹುದಾದ ಮೆತ್ತನೆಯ ವಸ್ತು. ಮಾಂಸಖಂಡಕ್ಕೆ ಬೇಕಾದದ್ದು ಕೈ ಸರಾಗವಾಗಿ ಜಾರುವಂಥದ್ದು, ಇಲ್ಲವೇ ಬೇಗ ಹೀರಿಕೊಂಡು ಬಿಸಿ ಅಥವಾ ತಂಪು ಅನ್ನಿಸುವಂಥದ್ದು. ಉಳುಕು ಈ ಎರಡರ ನಡುವೆ ಬರುತ್ತದೆ. ಮೊದಲ 2 ದಿನ ಅದನ್ನು ಮೂಗೇಟಿನಂತೆ ನೋಡಿಕೊಳ್ಳಿ, ಊತ ಇಳಿದ ಮೇಲೆ ಮಾಂಸಖಂಡದ ನೋವಿನಂತೆ.

ಮುಲಾಮೋ, ಎಣ್ಣೆಯೋ, ಲಿನಿಮೆಂಟೋ?

ಮುಲಾಮು ಎಂದರೆ ಗಿಡಮೂಲಿಕೆಯ ಸಾರ ಇಳಿಸಿದ ಎಣ್ಣೆಗೆ ಜೇನುಮೇಣ ಸೇರಿಸಿ ಗಟ್ಟಿ ಮಾಡಿದ್ದು. ಹಚ್ಚಿದ ಕಡೆ ನಿಲ್ಲುತ್ತದೆ, ಹರಿಯುವುದಿಲ್ಲ, ನಿಧಾನವಾಗಿ ಕೆಲಸ ಮಾಡುತ್ತದೆ. ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಮೇಣದ ಅಳತೆಯೇ ಇದರ ಗುಟ್ಟು. 100 ಗ್ರಾಂ ಎಣ್ಣೆಗೆ 12 ಗ್ರಾಂ ಮೇಣ ಹಾಕಿದರೆ ಮೆತ್ತಗೆ, 20 ಗ್ರಾಂ ಹಾಕಿದರೆ ಗಟ್ಟಿ. ಮೂಗೇಟಿಗೆ ಮೆತ್ತಗಿನದೇ ಸರಿ, ಏಕೆಂದರೆ ಗಟ್ಟಿ ಮುಲಾಮನ್ನು ಹರಡಲು ಒತ್ತಲೇಬೇಕಾಗುತ್ತದೆ. ಸೆಕೆಯ ಹವೆಯಲ್ಲಿ ಮೇಣ ಸ್ವಲ್ಪ ಜಾಸ್ತಿ ಬೇಕು. ಜೇನುಮೇಣ ಬೇಡ ಅನ್ನುವವರು ಗಿಡದಿಂದ ತೆಗೆಯುವ ಕ್ಯಾಂಡೆಲಿಲಾ ಮೇಣ ಬಳಸಬಹುದು. ಅದು ಜೇನುಮೇಣಕ್ಕಿಂತ ಗಟ್ಟಿ, ಹೆಚ್ಚುಕಡಿಮೆ ಅರ್ಧದಷ್ಟು ಸಾಕು.

ಮೇಣ ಹಾಕದ ಬರಿಯ ಗಿಡಮೂಲಿಕೆ ಎಣ್ಣೆಯನ್ನು ಜನ ಕಡೆಗಣಿಸುತ್ತಾರೆ. ದೊಡ್ಡ ಜಾಗವನ್ನು, ಅಂದರೆ ಬೆನ್ನು, ತೊಡೆ, ಮೀನಖಂಡವನ್ನು ಬಹಳ ಹೊತ್ತು ನೀವಬೇಕಾದಾಗ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಮುಲಾಮಿನಲ್ಲಿ ನೀವಲು ಹೊರಟರೆ ಅರ್ಧ ಡಬ್ಬಿ ಖಾಲಿಯಾಗುತ್ತದೆ. ಬಟ್ಟೆಗೆ ಕಲೆ ಹತ್ತುವುದು, ಬಾಟಲಿ ಸೋರುವುದು ಇದರ ತೊಂದರೆಗಳು.

ಲಿನಿಮೆಂಟ್ ಎಂದರೆ ಗಿಡಮೂಲಿಕೆಯನ್ನು ಆಲ್ಕೋಹಾಲಿನಲ್ಲಿ ನೆನೆಸಿ ಸೋಸಿದ ದ್ರವ. ಎಣ್ಣೆ ಬೆರೆಸಿದ ಬಗೆಗಳೂ ಇವೆ. ಆಲ್ಕೋಹಾಲ್ ಆರುವಾಗ ಚರ್ಮ ತಣ್ಣಗಾಗುತ್ತದೆ, ಜಿಡ್ಡು ಉಳಿಯುವುದಿಲ್ಲ, ಮಾಡಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ವ್ಯಾಯಾಮ ಮುಗಿಸಿ ಕೂಡಲೇ ಬಟ್ಟೆ ಹಾಕಿಕೊಳ್ಳಬೇಕಾದವರಿಗೆ ಇದೇ ಅನುಕೂಲ. ಆದರೆ ಒಣ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ತರಚಿದ ಜಾಗಕ್ಕೆ ತಗುಲಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತದೆ. ಬೆಂಕಿಯ ಹತ್ತಿರ ಇಡುವ ಹಾಗೇ ಇಲ್ಲ.

ಆಲ್ಕೋಹಾಲ್ ಯಾವುದು ಎಂಬುದರ ಮೇಲೂ ಗಮನ ಇರಲಿ. ಶೇಕಡ 40ರ ವೋಡ್ಕಾದಂಥ ಮದ್ಯದಲ್ಲಿ ಎಲೆ, ಬೇರುಗಳ ಸಾರ ಚೆನ್ನಾಗಿ ಇಳಿಯುತ್ತದೆ. ಕರ್ಪೂರ, ಮೆಂಥಾಲ್ ಮಾತ್ರ ಅದರಲ್ಲಿ ಸರಿಯಾಗಿ ಕರಗುವುದಿಲ್ಲ. ಅವನ್ನು ಹಾಕಬೇಕೆಂದಿದ್ದರೆ ಶೇಕಡ 70ರದ್ದು ಬೇಕು. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸುಲಭವಾಗಿ ಸಿಗುತ್ತದೆ, ಆದರೆ ಅದು ಹೊಟ್ಟೆಗೆ ಹೋದರೆ ವಿಷ. ವಾಸನೆಯೂ ಗಾಢ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ನಾನು ಅದನ್ನು ಆರಿಸುವುದಿಲ್ಲ. ಮೆಥನಾಲ್ ಬೆರೆತ ಕೈಗಾರಿಕಾ ಸ್ಪಿರಿಟ್ ಅಂತೂ ಯಾರಿಗೂ ಬೇಡ, ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ವಿನಿಗರ್‌ನಲ್ಲಿ ಮಾಡುವ ಲಿನಿಮೆಂಟ್ ಆಲ್ಕೋಹಾಲ್ ಒಲ್ಲದವರಿಗೆ. ಬೆಂಕಿಯ ಭಯವಿಲ್ಲ, ಬಟ್ಟೆಯ ಪಟ್ಟಿ ನೆನೆಸಿ ಕಟ್ಟಲು ಚೆನ್ನ. ಸಾರ ಹೀರುವ ಶಕ್ತಿ ಕಡಿಮೆ, ಬಾಳಿಕೆಯೂ ಕಡಿಮೆ.

ಕ್ರೀಮ್ ಮತ್ತು ಜೆಲ್ ಮಾಡುವ ಆಸೆ ಹಲವರಿಗೆ ಇರುತ್ತದೆ. ಸುಮ್ನೆ ಆ ಗೋಜಿಗೆ ಹೋಗಬೇಡಿ ಎಂದೇ ಹೇಳುತ್ತೇನೆ. ನೀರು ಸೇರಿದ ಯಾವ ವಸ್ತುವಿನಲ್ಲೂ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಅದನ್ನು ತಡೆಯಲು ಸರಿಯಾದ ಸಂರಕ್ಷಕ, ಸರಿಯಾದ ಅಳತೆಯಲ್ಲಿ ಬೇಕು. ವಿಟಮಿನ್ ಇ ಹಾಕಿದರೆ ಕೆಡುವುದಿಲ್ಲ ಎಂಬ ನಂಬಿಕೆ ಇದೆ. ಅದು ಎಣ್ಣೆ ಕಮಟಾಗುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಸೂಕ್ಷ್ಮಜೀವಿಗಳನ್ನು ತಡೆಯುವುದಿಲ್ಲ.

ಗಿಡಮೂಲಿಕೆಗಳ ಹೋಲಿಕೆ

ಮೂಗೇಟು ಎಂದ ಕೂಡಲೇ ಕೇಳಿಬರುವ ಹೆಸರು ಆರ್ನಿಕಾ ಎಂಬ ಹಳದಿ ಹೂವಿನ ಗಿಡದ್ದು. ಇದರ ಪುರಾವೆ ಜನ ಅಂದುಕೊಂಡಷ್ಟು ಗಟ್ಟಿಯಿಲ್ಲ. ಕೈಬೆರಳ ಸಂಧಿವಾತ ಇದ್ದ 204 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆರ್ನಿಕಾ ಜೆಲ್, ನೋವುನಿವಾರಕ ಐಬುಪ್ರೊಫೆನ್‌ನ ಜೆಲ್‌ನಷ್ಟೇ ನೋವು ಇಳಿಸಿತು. ಅದು ಕೀಲುನೋವಿನ ಮಾತು. ಮೂಗೇಟಿನ ಮೇಲೆ ನಡೆದ ಪರೀಕ್ಷೆಗಳ ಫಲ ಒಂದೇ ರೀತಿ ಇಲ್ಲ. ಆದರೂ ಸವರಲು ಹಿತವಾದದ್ದು ಬೇಕು ಅನ್ನುವವರಿಗೆ ಕೆಲವು ದಿನದ ಮಟ್ಟಿಗೆ ಪರವಾಗಿಲ್ಲ. ಹರಿದ ಚರ್ಮಕ್ಕೆ ಮಾತ್ರ ಹಚ್ಚಲೇಬಾರದು. ಅದರಲ್ಲಿರುವ ಹೆಲೆನಾಲಿನ್ ಚರ್ಮವನ್ನು ಕೆರಳಿಸುತ್ತದೆ, ಹೊಟ್ಟೆಗೆ ಹೋದರೆ ವಿಷ. ಸೇವಂತಿಗೆ, ಸೂರ್ಯಕಾಂತಿ ಜಾತಿಯ ಹೂಗಳು ಒಗ್ಗದವರಿಗೆ ಆರ್ನಿಕಾ ಕೂಡ ಒಗ್ಗದಿರಬಹುದು. ಇನ್ನೊಂದು ವಿಷಯ: ಹೋಮಿಯೋಪತಿಯ ಆರ್ನಿಕಾ ಗುಳಿಗೆಯನ್ನು ಎಣ್ಣೆಗೆ ಹಾಕಿದರೆ ಏನೂ ಸಿಗುವುದಿಲ್ಲ. ಮದರ್ ಟಿಂಕ್ಚರ್, ಅಂದರೆ ಹೋಮಿಯೋಪತಿಯಲ್ಲಿ ಬಳಸುವ ಗಿಡದ ಮೂಲ ಸಾರ, ಆಲ್ಕೋಹಾಲ್ ಮತ್ತು ನೀರಿನಲ್ಲಿ ಇರುವುದರಿಂದ ಮುಲಾಮಿನಲ್ಲಿ ಬೆರೆಯುವುದಿಲ್ಲ. ಮುಲಾಮಿಗೆ ಬೇಕಾದದ್ದು ಒಣಗಿದ ಹೂವು.

ಕ್ಯಾಲೆಂಡುಲಾ ಎಂಬ ಹೂವು ಇನ್ನೂ ಸೌಮ್ಯ. ಮೃದು ಚರ್ಮದವರಿಗೆ ನಾನು ಮೊದಲು ಹೇಳುವುದು ಇದನ್ನೇ. ರಕ್ತ ಬೇಗ ಕರಗುತ್ತದೆ ಎಂದೇನೂ ಅಲ್ಲ, ಚರ್ಮವನ್ನು ತಣಿಸುತ್ತದೆ. ಇದನ್ನು ಚೆಂಡುಹೂವು ಎಂದು ತಿಳಿದು ಮೋಸಹೋಗಬೇಡಿ, ಎರಡೂ ಬೇರೆ ಗಿಡಗಳು.

ಕಾಮ್‌ಫ್ರಿ ಎಂಬ ಗಿಡದ ಮುಲಾಮು ಕಾಲು ಉಳುಕಿಗೆ ಚೆನ್ನಾಗಿ ಕೆಲಸ ಮಾಡಿದ್ದನ್ನು ಪರೀಕ್ಷೆಗಳು ತೋರಿಸಿವೆ. ಆದರೆ ಅದರಲ್ಲಿ ಯಕೃತ್ತಿಗೆ ಹಾನಿ ಮಾಡುವ ಪೈರೊಲಿಜಿಡಿನ್ ಆಲ್ಕಲಾಯ್ಡುಗಳಿವೆ, ಬೇರಿನಲ್ಲಂತೂ ಹೆಚ್ಚು. ಕಾರ್ಖಾನೆಯಲ್ಲಿ ಅವನ್ನು ತೆಗೆದುಹಾಕಬಹುದು, ಮನೆಯಲ್ಲಿ ಆಗುವುದಿಲ್ಲ. ಹೀಗಾಗಿ ಕಾಮ್‌ಫ್ರಿಯನ್ನು ಕೊಂಡುಕೊಳ್ಳುವುದೇ ಲೇಸು.

ಮಾಂಸಖಂಡದ ನೋವಿಗೆ ಬಳಸುವ ಬಿಸಿ ಮತ್ತು ತಂಪಿನ ವಸ್ತುಗಳು ಇನ್ನೊಂದು ಗುಂಪು. ಇವು ನೋವಿನ ಮೂಲವನ್ನು ಮುಟ್ಟುವುದಿಲ್ಲ. ಚರ್ಮದ ನರಗಳಿಗೆ ಬೇರೊಂದು ಸುದ್ದಿ ಕಳಿಸಿ ನೋವಿನ ಸುದ್ದಿಯನ್ನು ಹಿಂದೆ ತಳ್ಳುತ್ತವೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ನಿಜವಾದ ಬಿಸಿಯನ್ನು ಗುರುತಿಸುವ ಟಿಆರ್‌ಪಿವಿ1 ಎಂಬ ನರದ ಬಾಗಿಲನ್ನೇ ತೆರೆಯುತ್ತದೆ. ಮೆಂಥಾಲ್ ತಂಪನ್ನು ಗುರುತಿಸುವ ಟಿಆರ್‌ಪಿಎಂ8 ಬಾಗಿಲನ್ನು. ಈ ಬಾಗಿಲುಗಳನ್ನು ಪತ್ತೆ ಮಾಡಿದ ಕೆಲಸಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಬಂತು. ಇದರಿಂದ ನಮಗೆ ತಿಳಿಯಬೇಕಾದದ್ದು ಒಂದಿದೆ. ಮೆಂಥಾಲ್ ತಂಪು ಅನ್ನಿಸುತ್ತದೆಯೇ ಹೊರತು ಒಳಗಿನ ಮಾಂಸವನ್ನು ತಣ್ಣಗೆ ಮಾಡುವುದಿಲ್ಲ. ಹಾಗಾಗಿ ಹೊಸ ಮೂಗೇಟಿಗೆ ಮಂಜುಗಡ್ಡೆಯ ಬದಲು ಮೆಂಥಾಲ್ ಹಚ್ಚಿ ಸಮಾಧಾನಪಡುವುದು ಸರಿಯಲ್ಲ.

ಕ್ಯಾಪ್ಸೈಸಿನ್ ಹಳೆಯ, ಬಿಡದ ನೋವಿಗೆ ಒಳ್ಳೆಯದು. ಕೆಲವು ದಿನ ಬಿಡದೆ ಹಚ್ಚಿದರೆ ಮಾತ್ರ ಗುಣ ಗೊತ್ತಾಗುತ್ತದೆ, ಏಕೆಂದರೆ ನರ ನಿಧಾನವಾಗಿ ಮರಗಟ್ಟಬೇಕು. ಅಂಗಡಿಯ ಕ್ರೀಮುಗಳಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಶೇಕಡ 0.025ರಿಂದ 0.1. ಮನೆಯಲ್ಲಿ ಇದನ್ನು ಅಳೆಯಲು ಬರುವುದಿಲ್ಲ. ಒಂದೊಂದು ಮೆಣಸಿನಕಾಯಿಯ ಖಾರ ಒಂದೊಂದು ರೀತಿ, ಅಲ್ವಾ? 100 ಗ್ರಾಂ ಎಣ್ಣೆಗೆ 5 ಗ್ರಾಂ ಪುಡಿಗಿಂತ ಜಾಸ್ತಿ ಹಾಕದೆ ಶುರು ಮಾಡಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಕೈಗೆ ಹತ್ತಿದರೆ ಮೊದಲು ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ತೊಳೆಯುವ ತನಕ ಕಣ್ಣು ಮುಟ್ಟಬೇಡಿ. ಅದರ ಮೇಲೆ ಬಿಸಿನೀರಿನ ಚೀಲ ಇಡುವುದಂತೂ ಬೇಡವೇ ಬೇಡ.

ಒಣ ಶುಂಠಿ, ಕಾಳುಮೆಣಸು ಹಗುರವಾದ ಬಿಸಿ ಕೊಡುತ್ತವೆ. ಖಾರಕ್ಕೆ ಹೆದರುವವರಿಗೆ ಇವು ಸಾಕು. ಲಕ್ಕಿ ಸೊಪ್ಪಿನ ಎಣ್ಣೆ ಊತ, ಕೀಲುನೋವಿಗೆ ಬಹಳ ಕಾಲದಿಂದ ಬಳಕೆಯಲ್ಲಿದೆ. ವಾಸನೆ ಗಾಢ, ಚರ್ಮಕ್ಕೆ ಸೌಮ್ಯ. ಅರಿಶಿನ ಹಾಕಬಹುದು, ಬಟ್ಟೆಯ ಕಲೆ ಮಾತ್ರ ಹೋಗುವುದಿಲ್ಲ.

ಕರ್ಪೂರ ಒಳ್ಳೆಯ ಕೆಲಸಗಾರ, ಜೊತೆಗೆ ಅಪಾಯಕಾರಿಯೂ ಹೌದು. ಮಕ್ಕಳ ಹೊಟ್ಟೆಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಚ್ಚುವ ಔಷಧಗಳಲ್ಲಿ ಇದಕ್ಕೆ ಶೇಕಡ 11ರ ಮಿತಿ ಹಾಕಿದೆ. ಮನೆಯ ಮುಲಾಮಿಗೆ 3 ಸಾಕು. ಔಷಧದ ಬಳಕೆಗೆಂದು ಮಾರುವ ಶುದ್ಧ ಕರ್ಪೂರವನ್ನೇ ತನ್ನಿ.

ನಾನು ಮನೆಯಿಂದ ದೂರವೇ ಇಡುವುದು ವಿಂಟರ್‌ಗ್ರೀನ್ ಎಣ್ಣೆಯನ್ನು. ಅದು ಹೆಚ್ಚುಕಡಿಮೆ ಪೂರ್ತಿ ಮೀಥೈಲ್ ಸ್ಯಾಲಿಸಿಲೇಟ್. ಒಂದು ಟೀ ಚಮಚದಲ್ಲಿ, ಅಂದರೆ 5 ಮಿಲಿಲೀಟರಿನಲ್ಲಿ, ಸುಮಾರು 7 ಗ್ರಾಂ ಆಸ್ಪಿರಿನ್‌ಗೆ ಸಮನಾದ ಸ್ಯಾಲಿಸಿಲೇಟ್ ಇರುತ್ತದೆ. ಮಗುವಿನ ಪ್ರಾಣ ತೆಗೆಯಲು ಅಷ್ಟು ಸಾಕು. ಚರ್ಮದ ಮೂಲಕವೂ ರಕ್ತಕ್ಕೆ ಇಳಿಯುವುದರಿಂದ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ, ಆಸ್ಪಿರಿನ್ ಒಗ್ಗದವರಿಗೆ ಇದು ಕೂಡದು. ಇಂಥ ನೋವಿನ ಮುಲಾಮುಗಳಿಂದ ಅಪರೂಪಕ್ಕೆ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ 2012ರಲ್ಲಿ ಎಫ್‌ಡಿಎ ಎಚ್ಚರಿಸಿತ್ತು. ಹೆಚ್ಚಿನವು ಮೆಂಥಾಲ್ ಶೇಕಡ 3ಕ್ಕಿಂತ, ಮೀಥೈಲ್ ಸ್ಯಾಲಿಸಿಲೇಟ್ 10ಕ್ಕಿಂತ ಜಾಸ್ತಿ ಇದ್ದವು. ನೀಲಗಿರಿ ಎಣ್ಣೆ ವಾಸನೆಗೂ ಹಿತ, ಕೆಲಸಕ್ಕೂ ಸಾಕು. ಅದನ್ನೇ ಶೇಕಡ 2ರಷ್ಟು ಹಾಕಿಕೊಳ್ಳಿ. ಅದನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಇಡಬೇಕು.

ಮಾಡುವ ರೀತಿ

ಮೂಗೇಟಿನ ಮುಲಾಮಿಗೆ ಪೂರ್ತಿ ಒಣಗಿದ ಕ್ಯಾಲೆಂಡುಲಾ ಅಥವಾ ಆರ್ನಿಕಾ ಹೂವು 25 ಗ್ರಾಂ, ಎಳ್ಳೆಣ್ಣೆ ಅಥವಾ ಆಲಿವ್ ಎಣ್ಣೆ 150 ಗ್ರಾಂ ತೆಗೆದುಕೊಳ್ಳಿ. ಹಸಿ ಹೂವಿನಲ್ಲಿ ನೀರಿರುತ್ತದೆ, ಎಣ್ಣೆಗೆ ಬೂಷ್ಟು ಹಿಡಿಯುವುದು ಅದರಿಂದಲೇ. ನೀರು ಕಾಯುತ್ತಿರುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಅದರಲ್ಲಿ ಹೂವು ಮತ್ತು ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ 3 ಗಂಟೆ ಬಿಡಿ. ಎಣ್ಣೆ ಬೆಚ್ಚಗಿರಬೇಕು, ಹೂವು ಕರಿಯಬಾರದು. ಪುರುಸೊತ್ತಿದ್ದರೆ ಒಲೆಯೇ ಬೇಡ, ಗಾಜಿನ ಬಾಟಲಿಯಲ್ಲಿ ಮುಚ್ಚಿ ಬೆಚ್ಚಗಿನ ಜಾಗದಲ್ಲಿ 4ರಿಂದ 6 ವಾರ ಇಡಬಹುದು. ಬಟ್ಟೆಯಲ್ಲಿ ಸೋಸಿ ಹಿಂಡಿ.

ಸೋಸಿದ ಎಣ್ಣೆ 100 ಗ್ರಾಂ ಅಳೆದು, ಅದೇ ಬಿಸಿನೀರಿನ ಪಾತ್ರೆಯ ಮೇಲೆ 12 ಗ್ರಾಂ ಜೇನುಮೇಣ ಸೇರಿಸಿ ಕರಗಿಸಿ. ಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ, ಆದ್ದರಿಂದ ನೀರಿನ ಬಿಸಿಯೇ ಸಾಕು. ನೇರ ಉರಿಯ ಮೇಲೆ ಇಡಬೇಡಿ, ಹೊತ್ತಿಕೊಳ್ಳಬಹುದು. ಫ್ರಿಜ್‌ನಲ್ಲಿಟ್ಟ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಿ. ಗಟ್ಟಿಯಾದ ಮೇಲೆ ಬೆರಳಿಗೆ ಮೆತ್ತಗೆ ಬಂದರೆ ಸರಿ. ನೀರಾಗಿದ್ದರೆ ಚೂರು ಮೇಣ, ಗಟ್ಟಿಯಾಗಿದ್ದರೆ ಚೂರು ಎಣ್ಣೆ. ಈ ಮುಲಾಮಿಗೆ ಕರ್ಪೂರ, ಮೆಂಥಾಲ್ ಯಾವುದೂ ಬೇಡ.

ಇದನ್ನೇ ಮಾಂಸಖಂಡದ ಮುಲಾಮು ಮಾಡಬೇಕೆಂದರೆ ಹೂವಿನ ಬದಲು ಶುಂಠಿ, ಲಕ್ಕಿ ಸೊಪ್ಪು ಇಳಿಸಿದ ಎಣ್ಣೆ ತೆಗೆದುಕೊಳ್ಳಿ, ಮೇಣವನ್ನು 16 ಗ್ರಾಂಗೆ ಏರಿಸಿ. ಕರ್ಪೂರ 3 ಗ್ರಾಂ, ಮೆಂಥಾಲ್ 3 ಗ್ರಾಂ ಒಂದು ಗಾಜಿನ ಬಟ್ಟಲಲ್ಲಿ ಒಟ್ಟಿಗೆ ಹಾಕಿ ಉಜ್ಜಿ. ಎರಡು ಹರಳುಗಳೂ ಬಿಸಿಯೇ ಇಲ್ಲದೆ ಕರಗಿ ನೀರಾಗುತ್ತವೆ. ನೋಡಲು ಸೊಗಸು, ಕೆಲಸಕ್ಕೂ ಸುಲಭ. ಪಾತ್ರೆಯನ್ನು ಒಲೆಯಿಂದ ಇಳಿಸಿ, ಅಂಚು ಮಂಜಾಗಲು ಶುರುವಾದಾಗ ಈ ದ್ರವ ಸುರಿದು ಕಲಕಿ. ಬಿಸಿ ಇರುವಾಗಲೇ ಸುರಿದರೆ ಅರ್ಧ ಹಾರಿಹೋಗುತ್ತದೆ, ಕಣ್ಣೂ ಉರಿಯುತ್ತದೆ. ಮೇಣ ಜಾಸ್ತಿ ಹಾಕುವುದು ಇದಕ್ಕೇ, ಈ ದ್ರವ ಮುಲಾಮನ್ನು ಮೆತ್ತಗೆ ಮಾಡುತ್ತದೆ.

ಲಿನಿಮೆಂಟ್‌ಗೆ ಒಲೆಯ ಕೆಲಸವೇ ಇಲ್ಲ, ಇರಲೂಬಾರದು. ಒಣ ಶುಂಠಿ 20 ಗ್ರಾಂ, ಕಾಳುಮೆಣಸು 10 ಗ್ರಾಂ, ಒಣಗಿದ ಲಕ್ಕಿ ಸೊಪ್ಪು 20 ಗ್ರಾಂ ಜಜ್ಜಿ 250 ಮಿಲಿಲೀಟರ್ ಆಲ್ಕೋಹಾಲಿಗೆ ಹಾಕಿ. ಗಿಡಮೂಲಿಕೆ ಒಂದು ಪಾಲು, ದ್ರವ ಐದು ಪಾಲು, ಇದು ನೆನಪಿಟ್ಟುಕೊಳ್ಳಬೇಕಾದ ಲೆಕ್ಕ. ಬಿರಡೆ ಭದ್ರವಾಗಿ ಹಾಕಿ 4 ವಾರ ಕತ್ತಲಲ್ಲಿಟ್ಟು, ದಿನಕ್ಕೊಮ್ಮೆ ಅಲುಗಾಡಿಸಿ, ಸೋಸಿ. ಶೇಕಡ 70ರ ಆಲ್ಕೋಹಾಲ್ ಬಳಸಿದ್ದರೆ 4 ಗ್ರಾಂ ಮೆಂಥಾಲ್ ಕರಗಿಸಿಕೊಳ್ಳಬಹುದು. ಹಚ್ಚುವಾಗ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಒಲೆ, ಸಿಗರೇಟು ಇರಬಾರದು.

ನಿಮಗೆ ಯಾವುದು?

ಒಂದೇ ಒಂದು ಮಾಡಲು ಮಾತ್ರ ಪುರುಸೊತ್ತು ಅಂದರೆ ಕ್ಯಾಲೆಂಡುಲಾದ ಮೆತ್ತನೆಯ ಮುಲಾಮು ಮಾಡಿ. ಮೂಗೇಟಿಗೂ ಆಗುತ್ತದೆ, ನೀವಲೂ ಬರುತ್ತದೆ, ಚರ್ಮಕ್ಕೆ ತೊಂದರೆ ಕೊಡುವುದು ಅಪರೂಪ. ದಿನವೂ ವ್ಯಾಯಾಮ ಮಾಡುವವರಿಗೆ, ಜಿಡ್ಡು ಆಗದವರಿಗೆ ಲಿನಿಮೆಂಟ್. ವಯಸ್ಸಾದವರ ಚರ್ಮ ತೆಳು, ಒಣ, ಅವರಿಗೆ ಆಲ್ಕೋಹಾಲ್ ಬೇಡ. ಬೆಚ್ಚಗಿನ ಎಣ್ಣೆಯಲ್ಲಿ ಹಗುರವಾಗಿ ನೀವಿ. ಪುಟ್ಟ ಮಕ್ಕಳಿಗೆ ಕರ್ಪೂರ, ಮೆಂಥಾಲ್, ನೀಲಗಿರಿ ಯಾವುದೂ ಇಲ್ಲದ ಮುಲಾಮು ಮಾತ್ರ. ಬಸುರಿಯರು ವೈದ್ಯರನ್ನು ಕೇಳಿಯೇ ಬಳಸಬೇಕು.

ಯಾವುದನ್ನೇ ಮಾಡಿದರೂ ಮೊದಲು ಮುಂಗೈಯ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಅದು ನಿಮಗಲ್ಲ.

ಕೆಲವು ನೋವಿಗೆ ಮನೆಯ ಡಬ್ಬಿ ತೆರೆಯುವುದೇ ತಪ್ಪು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದು ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇರಬಹುದು. ಅದನ್ನು ನೀವಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಾಲೂರಲು ಆಗದಿದ್ದರೆ, ಪೆಟ್ಟು ಬಿದ್ದ ಕೈಕಾಲು ಜೋಮು ಹಿಡಿದರೆ, ತಲೆಗೆ ಪೆಟ್ಟಾಗಿದ್ದರೆ, ಪೆಟ್ಟೇ ಇಲ್ಲದೆ ಮೂಗೇಟಿನ ಕಲೆಗಳು ಏಳುತ್ತಿದ್ದರೆ ಕೂಡ ಹಾಗೇ. ವಿಪರೀತ ವ್ಯಾಯಾಮದ ನಂತರ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಒಂದು ಗಂಟೆಯೂ ಕಾಯಬೇಡಿ, ಒಡೆದ ಮಾಂಸಖಂಡದ ಅಂಶ ಮೂತ್ರಪಿಂಡಕ್ಕೆ ಹಾನಿ ಮಾಡುತ್ತಿರುತ್ತದೆ.

ಇಡುವ ಬಗ್ಗೆ ಒಂದೆರಡು ಮಾತು. ಲಿನಿಮೆಂಟ್‌ಗೆ ಗಾಢ ಬಣ್ಣದ ಗಾಜಿನ ಬಾಟಲಿಯೇ ಬೇಕು, ಮುಲಾಮಿಗೆ ತವರದ ಡಬ್ಬಿಯೂ ಆಗುತ್ತದೆ. ತೆಳು ಪ್ಲಾಸ್ಟಿಕ್ ಬೇಡ, ನೀಲಗಿರಿಯಂಥ ಎಣ್ಣೆಗಳು ಅದನ್ನು ಕರಗಿಸುತ್ತವೆ. ಮುಲಾಮನ್ನು ಒದ್ದೆ ಬೆರಳಿನಲ್ಲಿ ತೆಗೆಯಬೇಡಿ. 6 ತಿಂಗಳಿಂದ 1 ವರ್ಷ ಬಾಳುತ್ತದೆ, ಕಮಟು ವಾಸನೆ ಬಂದ ದಿನ ಎಸೆಯಿರಿ. ಡಬ್ಬಿಯ ಮೇಲೆ ಏನೇನು ಹಾಕಿದೆ, ಯಾವ ದಿನ ಮಾಡಿದ್ದು, ಹೊಟ್ಟೆಗೆ ತೆಗೆದುಕೊಳ್ಳುವಂಥದ್ದಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಲಿನಿಮೆಂಟ್ ಬಾಟಲಿಯನ್ನು ಕುಡಿಯುವ ಬಾಟಲಿಗಳ ಸಾಲಿನಲ್ಲಿ ಇಡಬೇಡಿ.